‘ಒಂದನ್ನು ಒತ್ತಿ’: ಕರೆಗೆ ಕಾಸು ತೆರುವ ವ್ಯಾಪಾರಿಗೆ ಲಾಭ ಎಲ್ಲಿ, ನಷ್ಟ ಎಲ್ಲಿ?

ಶಿವಮೊಗ್ಗ: ಇಲ್ಲಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಅಡಿಕೆಯನ್ನು ಯಾರೂ ‘ಒಟ್ಟಾರೆ’ ಕೊಳ್ಳುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಣೆಯಾದ ಬಳಿಕವೇ ದರದ ಮಾತು. ಗೊರಬಲಿಗೆ ಸರಕಿನ ಬೆಲೆ ಕೊಡುವ ವ್ಯಾಪಾರಿ ಈ ಊರಿನಲ್ಲಿ ಹುಟ್ಟಿಲ್ಲ. ಆದರೆ ಇದೇ ಊರಿನ ವ್ಯಾಪಾರಿ ಜಾಹೀರಾತಿನ ಮೂಲಕ ಗ್ರಾಹಕರ ದೂರವಾಣಿ ಕರೆಗಳನ್ನು ಕೊಳ್ಳುವಾಗ ಮಾತ್ರ ವಿಂಗಡಣೆಯ ಗೊಡವೆಗೇ ಹೋಗುವುದಿಲ್ಲ. ಬಂದ ಕರೆಗಳಿಗೆಲ್ಲ ಒಂದೇ ದರ ತೆತ್ತು, ತಿಂಗಳ ಕೊನೆಯಲ್ಲಿ ‘ಕರೆ ಬಂದವು, ವ್ಯಾಪಾರ ಬರಲಿಲ್ಲ’ ಎಂದು ಕೈಚೆಲ್ಲುತ್ತಾನೆ.

‘ಕರೆಗಿಷ್ಟು’ ಎಂಬ ಲೆಕ್ಕದ ಜಾಹೀರಾತು ಪದ್ಧತಿಯ ತಿರುಳು ಸರಳವಾದುದು. ಜಾಹೀರಾತಿನ ಜಾಗಕ್ಕೋ ಪ್ರಸಾರದ ಸಮಯಕ್ಕೋ ಹಣ ಕೊಡುವ ಬದಲು, ಜಾಹೀರಾತು ನೋಡಿ ಬಂದ ಪ್ರತಿಯೊಂದು ಕರೆಗೆ ವ್ಯಾಪಾರಿ ಹಣ ಕೊಡುತ್ತಾನೆ. ಕರೆ ತರಿಸುವ ಹೊಣೆ ಮಧ್ಯವರ್ತಿ ಸಂಸ್ಥೆಯದು. ಈ ಕರೆಗಳನ್ನು ಸೋಸಲು ಬಳಕೆಯಾಗುವ ಜರಡಿಯೇ ನಾವೆಲ್ಲ ದಿನಕ್ಕೊಮ್ಮೆಯಾದರೂ ಕೇಳುವ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂಬ ಧ್ವನಿ ಮೆನು, ಅರ್ಥಾತ್ ಐವಿಆರ್. ಈ ಜರಡಿ ಸರಿಯಿದ್ದರೆ ವ್ಯಾಪಾರಿಗೂ ಲಾಭ, ಕರೆ ಮಾಡಿದವನಿಗೂ ಅನುಕೂಲ. ಜರಡಿಯ ಕಣ್ಣು ಹೆಚ್ಚು ಕಡಿಮೆಯಾದರೆ ಇಬ್ಬರಿಗೂ ನಷ್ಟ. ಅದರಲ್ಲಿಯೂ ವ್ಯಾಪಾರಿಯ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣಿಸುವುದೇ ಇಲ್ಲ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಮಿಸ್ಡ್ ಕಾಲ್‌ನಿಂದ ಮೆನುವಿನವರೆಗೆ

ದೂರವಾಣಿಯೇ ವ್ಯಾಪಾರದ ಬಾಗಿಲಾದದ್ದು ನಮ್ಮಲ್ಲಿ ಇತ್ತೀಚಿನ ಸಂಗತಿ. 2003ರ ಮೇ ತಿಂಗಳಲ್ಲಿ ಕರೆ ಮಾಡುವವನೇ ಹಣ ಕೊಡುವ ಪದ್ಧತಿ ಜಾರಿಗೆ ಬಂದು ಮೊಬೈಲ್‌ಗೆ ಬರುವ ಕರೆ ಉಚಿತವಾಯಿತು. ಅದರ ಬೆನ್ನಿಗೇ ಬೆಳೆದದ್ದು ಭಾರತೀಯರ ಜಾಣತನದ ಫಲವಾದ ಮಿಸ್ಡ್ ಕಾಲ್. ಇದನ್ನು ಜಾಹೀರಾತಿಗೆ ಒಗ್ಗಿಸಿದ ಜಿಪ್‌ಡಯಲ್ ಸಂಸ್ಥೆ 2010ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿಯೇ. 2015ರ ಜನವರಿಯಲ್ಲಿ ಅಮೆರಿಕದ ಟ್ವಿಟರ್ ಅದನ್ನು ಕೊಂಡಿತು. ಹಿಂದೂಸ್ತಾನ್ ಯೂನಿಲಿವರ್ ಕಂಪನಿ ಬಿಹಾರ ಹಾಗೂ ಜಾರ್ಖಂಡ್‌ಗಳಲ್ಲಿ ನಡೆಸಿದ ‘ಕಾನ್ ಖಜೂರಾ ಟೇಸನ್’ ಇನ್ನೊಂದು ಉದಾಹರಣೆ. ಮಿಸ್ಡ್ ಕಾಲ್ ಕೊಟ್ಟವರಿಗೆ ಮರಳಿ ಕರೆ ಮಾಡಿ ಹಾಡು, ಹಾಸ್ಯ ಕೇಳಿಸುತ್ತ ನಡುನಡುವೆ ಜಾಹೀರಾತು ತೂರಿಸುವ ಈ ಯೋಜನೆಗೆ 2014ರಲ್ಲಿ ಕಾನ್ ಜಾಹೀರಾತು ಉತ್ಸವದ ಚಿನ್ನದ ಪ್ರಶಸ್ತಿಯೂ ಲಭಿಸಿತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಮಾರುಕಟ್ಟೆಗೆ ಇಳಿದು ಧ್ವನಿ ಕರೆಗಳನ್ನು ಉಚಿತವಾಗಿಸಿದ ಮೇಲೆ ಚಿತ್ರ ಬದಲಾಯಿತು. ಒಂದು ಕಂಪನಿಯ ಜಾಲದಿಂದ ಇನ್ನೊಂದಕ್ಕೆ ಹೋಗುವ ಕರೆಗೆ ಕಂಪನಿಗಳು ಪರಸ್ಪರ ಕೊಡುತ್ತಿದ್ದ ಶುಲ್ಕ 2017ರ ಅಕ್ಟೋಬರ್‌ನಲ್ಲಿ ನಿಮಿಷಕ್ಕೆ 14 ಪೈಸೆಯಿಂದ 6 ಪೈಸೆಗೆ ಇಳಿದು, 2021ರ ಜನವರಿ 1ರಿಂದ ಶೂನ್ಯವಾಯಿತು. ಕಾಸು ಉಳಿಸಲು ಮಿಸ್ಡ್ ಕಾಲ್ ಕೊಡಬೇಕಾದ ಅಗತ್ಯ ಬಹುಮಟ್ಟಿಗೆ ಇಲ್ಲವಾಯಿತು. ಜನ ನೇರವಾಗಿ ಕರೆ ಮಾಡತೊಡಗಿದರು. ಕರೆ ಅಗ್ಗವಾದಷ್ಟೂ ಅದರ ಹಿಂದಿನ ಉದ್ದೇಶ ತೆಳುವಾಗುತ್ತದೆ. ಸುಮ್ಮನೆ ದರ ಕೇಳುವವರು, ತಪ್ಪು ಊರಿನವರು, ಕೆಲಸ ಹುಡುಕುವವರು ಎಲ್ಲರೂ ಅದೇ ಸಂಖ್ಯೆಗೆ ಕರೆ ಮಾಡುತ್ತಾರೆ. ಸೋಸುವ ಮೆನು ಇಲ್ಲಿ ಅನಿವಾರ್ಯವಾಯಿತು.

ಬೆಂಗಳೂರಿನ ಎಕ್ಸೋಟೆಲ್‌ನಂತಹ ಸಂಸ್ಥೆಗಳು ಈ ವ್ಯವಸ್ಥೆಯನ್ನು ಬಾಡಿಗೆಗೆ ಒದಗಿಸುತ್ತವೆ. ಅಂಗಡಿಯಲ್ಲಿ ಯಂತ್ರ ಕೂರಿಸಬೇಕಾಗಿಲ್ಲ. ಜಾಹೀರಾತಿನಲ್ಲಿ ಒಂದು ಬಾಡಿಗೆ ಸಂಖ್ಯೆ ಇರುತ್ತದೆ. ಕರೆ ಮೊದಲು ದೂರದ ಸರ್ವರ್‌ಗೆ ಹೋಗುತ್ತದೆ. ಅಲ್ಲಿ ಮುದ್ರಿತ ಧ್ವನಿ ಪ್ರಶ್ನೆ ಕೇಳುತ್ತದೆ. ಕರೆ ಮಾಡಿದವರು ಗುಂಡಿ ಒತ್ತಿದಾಗ ಹೊಮ್ಮುವ ನಾದವನ್ನು ಯಂತ್ರ ಗುರುತಿಸಿ, ಸೂಕ್ತ ವ್ಯಾಪಾರಿಯ ಮೊಬೈಲ್‌ಗೆ ಕರೆಯನ್ನು ದಾಟಿಸುತ್ತದೆ. ಪತ್ರಿಕೆಗೆ ಒಂದು ಸಂಖ್ಯೆ, ಬಸ್ಸಿನ ಹಿಂಬದಿಯ ಫಲಕಕ್ಕೆ ಇನ್ನೊಂದು, ಎಫ್‌ಎಂ ಜಾಹೀರಾತಿಗೆ ಮತ್ತೊಂದು ಸಂಖ್ಯೆ ಕೊಟ್ಟರೆ ಯಾವುದರಿಂದ ಎಷ್ಟು ಕರೆ ಬಂತೆಂಬುದೂ ತಿಳಿಯುತ್ತದೆ.

08182 ಮತ್ತು 08282

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಅಂತರ ಸುಮಾರು 20 ಕಿಲೋಮೀಟರ್. ಸ್ಥಿರ ದೂರವಾಣಿಯ ಕಾಲದಲ್ಲಿ ಈ ಅಂತರಕ್ಕೆ ಒಂದು ಗುರುತಿತ್ತು. ಶಿವಮೊಗ್ಗಕ್ಕೆ 08182, ಭದ್ರಾವತಿಗೆ 08282. ಸಂಖ್ಯೆ ನೋಡಿದೊಡನೆ ಊರು ತಿಳಿಯುತ್ತಿತ್ತು. ಮೊಬೈಲ್ ಸಂಖ್ಯೆಗೆ ಈ ಗುಣವಿಲ್ಲ. ಅದರ ಮೊದಲ ಅಂಕಿಗಳು ಹೆಚ್ಚೆಂದರೆ ಕರ್ನಾಟಕ ವೃತ್ತ ಎಂದು ಹೇಳಿಯಾವೇ ಹೊರತು ಹೊಸಮನೆಯೋ ವಿನೋಬನಗರವೋ ಎಂದು ಹೇಳಲಾರವು. 2015ರ ಜುಲೈನಿಂದ ದೇಶದ ಯಾವ ಮೂಲೆಗೆ ಹೋದರೂ ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ಬಂದ ಮೇಲಂತೂ ರಾಜ್ಯದ ಗುರುತೂ ಖಚಿತವಲ್ಲ.

ಹೀಗಾಗಿ ಯಾವ ಊರು ಎಂದು ಕೇಳಲೇಬೇಕು. ಇದೇನೂ ಹೊಸ ಪ್ರಶ್ನೆಯಲ್ಲ. 1996ರಲ್ಲಿ ಆರಂಭವಾದ ಜಸ್ಟ್ ಡಯಲ್‌ಗೆ ಫೋನ್ ಮಾಡಿದರೆ ಅತ್ತ ಕಡೆಯ ಸಿಬ್ಬಂದಿ ಕೇಳುತ್ತಿದ್ದುದೂ ಮುಖ್ಯವಾಗಿ ಎರಡೇ: ಯಾವ ಊರು, ಏನು ಬೇಕು? ಆಗ ಮನುಷ್ಯ ಕೇಳುತ್ತಿದ್ದುದನ್ನು ಈಗ ಯಂತ್ರ ಕೇಳುತ್ತಿದೆ, ಅಷ್ಟೆ.

ಭದ್ರಾವತಿಯ ಮಟ್ಟಿಗೆ ಇದು ಹೊಟ್ಟೆಪಾಡಿನ ವಿಚಾರವೂ ಹೌದು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಹಾಗೂ ಕಾಗದ ಕಾರ್ಖಾನೆಗಳ ಸಂಬಳದ ದಿನವನ್ನು ನೆಚ್ಚಿಕೊಂಡಿದ್ದ ಪೇಟೆ ಅದು. ಎಂಪಿಎಂನಲ್ಲಿ ಉತ್ಪಾದನೆ ನಿಂತದ್ದು 2015ರಲ್ಲಿ. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಚಾಲನೆಗೊಂಡಿತಾದರೂ ಹಿಂದಿನ ಸಂಬಳದ ಹರಿವು ಪೇಟೆಗೆ ಮರಳಿಲ್ಲ. ಬಾಗಿಲಿಗೆ ಬರುವ ಗಿರಾಕಿ ಕಡಿಮೆಯಾದಾಗ ಫೋನಿನಲ್ಲಿ ಬರುವ ಗಿರಾಕಿಯನ್ನು ಹುಡುಕುವುದು ಸಹಜ. ಅಂತಹ ಪೇಟೆಯ ಚಿಕ್ಕ ವ್ಯಾಪಾರಿ ಜಾಹೀರಾತಿಗೆ ಇಡುವ ನಾಲ್ಕು ಸಾವಿರ ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಬಾರದು.

ಲೆಕ್ಕ ಹೇಳುವುದೇನು, ಮುಚ್ಚಿಡುವುದೇನು?

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಭದ್ರಾವತಿಯ ಹಳೇನಗರದಲ್ಲಿ ಪಂಪ್‌ಸೆಟ್ ದುರಸ್ತಿ ಮಾಡುವವರೊಬ್ಬರು ಕರೆಯೊಂದಕ್ಕೆ 40 ರೂಪಾಯಿಯಂತೆ 100 ಕರೆ ಕೊಂಡರೆಂದು ಇಟ್ಟುಕೊಳ್ಳಿ. ಖರ್ಚು 4,000 ರೂಪಾಯಿ. ಅದರಲ್ಲಿ 40 ಕರೆಗಳು ಬೇರೆ ಊರಿನವು, 20 ಬೇರೆ ಕೆಲಸದವು. ಉಳಿದ 40 ನಿಜವಾದ ಗಿರಾಕಿಗಳು. ಅವರಲ್ಲಿ 10 ಜನ ಕೆಲಸ ಕೊಟ್ಟರು. ಅಂದರೆ ಒಂದು ಕೆಲಸ ದೊರಕಿಸಲು ತಗುಲಿದ ವೆಚ್ಚ 400 ರೂಪಾಯಿ.

ಈಗ ಎರಡು ಪ್ರಶ್ನೆಗಳ ಮೆನು ಅಳವಡಿಸಿ, ಸೋಸಿ ಬಂದ ಕರೆಗೆ ಮಾತ್ರ ಹಣ ಎಂಬ ಒಪ್ಪಂದವಾಯಿತು. ಮಧ್ಯವರ್ತಿ ದರವನ್ನು 70 ರೂಪಾಯಿಗೆ ಏರಿಸಿದ. ಮೆನು ಕೇಳಿ ಬೇಸತ್ತು ಐವರು ಫೋನ್ ಇಟ್ಟರು, 35 ಕರೆಗಳು ದಾಟಿದವು, 9 ಕೆಲಸ ಸಿಕ್ಕಿತು. ಖರ್ಚು 2,450 ರೂಪಾಯಿ. ಕೆಲಸವೊಂದಕ್ಕೆ ಸುಮಾರು 272 ರೂಪಾಯಿ. ದರ ಹೆಚ್ಚಾದರೂ ವೆಚ್ಚ ಇಳಿಯಿತು. ಮೆನುವಿನ ಪರ ವಾದಿಸುವವರು ತೋರಿಸುವ ಲೆಕ್ಕ ಇದು. ಇದರಲ್ಲಿ ಸುಳ್ಳಿಲ್ಲ.

ಆದರೆ ಮಧ್ಯವರ್ತಿ ಇನ್ನೂ ಮುಂದೆ ಹೋಗಿ ಮೆನುವನ್ನು ಉದ್ದ ಮಾಡಿದನೆಂದುಕೊಳ್ಳಿ. ಭಾಷೆ ಆರಿಸಿ, ಜಿಲ್ಲೆ ಆರಿಸಿ, ತಾಲ್ಲೂಕು ಆರಿಸಿ, ಪಿನ್‌ಕೋಡ್ ಒತ್ತಿ, ಪಂಪಿನ ಅಶ್ವಶಕ್ತಿ ಒತ್ತಿ ಎಂದೆಲ್ಲ ಕೇಳತೊಡಗಿದ. ನಿಜವಾದ 40 ಗಿರಾಕಿಗಳಲ್ಲಿ 20 ಜನ ನಡುವೆಯೇ ಬಿಟ್ಟುಹೋದರು. ಉಳಿದ 20 ಕರೆಗೆ 1,400 ರೂಪಾಯಿ, ಸಿಕ್ಕ ಕೆಲಸ 5. ಕೆಲಸವೊಂದಕ್ಕೆ ವೆಚ್ಚ 280 ರೂಪಾಯಿ. ಅಂಕಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇದೆ. ಹಿಂದಿನದಕ್ಕಿಂತ ಎಂಟೇ ರೂಪಾಯಿ ಹೆಚ್ಚು. ಆದರೆ ಮೆನುವೇ ಇಲ್ಲದಿದ್ದಾಗ ಸಿಗುತ್ತಿದ್ದ ಹತ್ತು ಕೆಲಸಗಳಲ್ಲಿ ಅರ್ಧದಷ್ಟು ಮಾಯವಾಗಿದೆ. ತೋಟಕ್ಕೆ ನೀರಿಲ್ಲದೆ ಗಾಬರಿಯಿಂದ ಫೋನ್ ಮಾಡಿದ ರೈತ ಪಕ್ಕದ ಅಂಗಡಿಗೆ ಹೋಗಿದ್ದಾನೆ. ವ್ಯಾಪಾರಿಯ ರಸೀದಿಯಲ್ಲಿ ಅವನ ಸುಳಿವೇ ಇಲ್ಲ.

ಇಲ್ಲಿಯೇ ಸೂಕ್ಷ್ಮವಿರುವುದು. ಮೆನುವನ್ನು ಅಳೆಯಬೇಕಾದದ್ದು ಅದು ದಾಟಿಸಿದ ಕರೆಗಳಿಂದಲ್ಲ, ಅದು ಕಳೆದುಕೊಂಡ ಕರೆಗಳಿಂದ. ಆ ಕರೆಗಳ ದಾಖಲೆ ಇರುವುದು ಮಧ್ಯವರ್ತಿಯ ಸರ್ವರ್‌ನಲ್ಲಿ. ಯಾವ ಗಳಿಗೆಯಲ್ಲಿ ಕರೆ ಬಂತು, ಯಾವ ಅಂಕಿ ಒತ್ತಿದರು, ಯಾವ ಪ್ರಶ್ನೆಯ ಬಳಿ ಫೋನ್ ಇಟ್ಟರು ಎಂಬ ಪಟ್ಟಿಯನ್ನು ಕೇಳಿ ಪಡೆಯದ ವ್ಯಾಪಾರಿ, ತೂಕದ ಚೀಟಿ ಕೇಳದೆ ಅಡಿಕೆ ಒಪ್ಪಿಸಿ ಬಂದವನಿಗೆ ಸಮಾನ.

ಅವಧಿಯ ಲೆಕ್ಕದಲ್ಲಿಯೂ ಇಂಥದೇ ತೊಡಕಿದೆ. ಇಂತಿಷ್ಟು ಸೆಕೆಂಡು ಮೀರಿದ ಕರೆಗೆ ಮಾತ್ರ ಶುಲ್ಕ ಎಂಬ ಷರತ್ತು ಈ ವ್ಯವಹಾರದಲ್ಲಿ ಸಾಮಾನ್ಯ. ಮಿತಿ 60 ಸೆಕೆಂಡು ಎಂದಿಟ್ಟುಕೊಂಡರೆ, ಆ ಗಡಿಯಾರ ಎಲ್ಲಿಂದ ಓಡಲು ಆರಂಭಿಸುತ್ತದೆ? ಮೆನುವಿಗೆ 35 ಸೆಕೆಂಡು, ಗಂಟೆ ಬಾರಿಸಲು 15 ಸೆಕೆಂಡು ಹೋದರೆ ಹನ್ನೊಂದನೆಯ ಸೆಕೆಂಡಿನ ಮಾತಿಗೇ ವ್ಯಾಪಾರಿ ಹಣ ತೆರಬೇಕಾಗುತ್ತದೆ. ‘ಹಲೋ, ಯಾರು ಬೇಕಿತ್ತು?’ ಎಂಬಷ್ಟಕ್ಕೇ ಪೂರ್ತಿ ದರ! ವ್ಯಾಪಾರಿ ಫೋನ್ ಎತ್ತಿದ ಕ್ಷಣದಿಂದ ಅವಧಿ ಎಣಿಸಬೇಕೆಂಬ ಒಂದು ಸಾಲು ಒಪ್ಪಂದದಲ್ಲಿ ಇರಲೇಬೇಕು. ಈ ಸಾಲು ಇಲ್ಲದಿದ್ದರೆ ಉದ್ದದ ಮೆನು ಮಧ್ಯವರ್ತಿಗೆ ವರವಾಗುತ್ತದೆ.

ಕೇಳಬೇಕಾದದ್ದು ಎಷ್ಟು?

ಅಡುಗೆ ಅನಿಲದ ಬುಕಿಂಗ್ ಈ ವಿಷಯದಲ್ಲಿ ಒಳ್ಳೆಯ ಪಾಠ ಹೇಳುತ್ತದೆ. ಇಂಡಿಯನ್ ಆಯಿಲ್ 2020ರ ನವೆಂಬರ್ 1ರಿಂದ ಇಂಡೇನ್ ಗ್ರಾಹಕರಿಗೆ ದೇಶಕ್ಕೆಲ್ಲ ಒಂದೇ ಬುಕಿಂಗ್ ಸಂಖ್ಯೆ ನೀಡಿತು. 2021ರ ಜನವರಿಯಲ್ಲಿ ಮಿಸ್ಡ್ ಕಾಲ್ ಕೊಟ್ಟರೂ ಸಿಲಿಂಡರ್ ಬುಕ್ ಆಗುವ ವ್ಯವಸ್ಥೆ ತಂದಿತು. ನೋಂದಾಯಿತ ಸಂಖ್ಯೆಯಿಂದ ಕರೆ ಬಂದರೆ ಗ್ರಾಹಕ ಯಾರು, ಏಜೆನ್ಸಿ ಯಾವುದು, ವಿಳಾಸ ಯಾವುದು ಎಂಬುದೆಲ್ಲ ಯಂತ್ರಕ್ಕೆ ಮೊದಲೇ ಗೊತ್ತು. ಗೊತ್ತಿರುವುದನ್ನು ಮತ್ತೆ ಕೇಳುವುದೇಕೆ? ಹಳೆಯ ಗಿರಾಕಿಯ ಸಂಖ್ಯೆಯನ್ನು ಗುರುತಿಸಿ ನೇರವಾಗಿ ಅಂಗಡಿಗೆ ದಾಟಿಸುವ ಸೌಲಭ್ಯ ಇದ್ದೂ ಅದನ್ನು ಬಳಸದ ಮೆನು ದಡ್ಡ ಮೆನು.

ಹೊಸ ಗಿರಾಕಿಗೆ ಎರಡು ಪ್ರಶ್ನೆ ಸಾಕು: ಊರು ಮತ್ತು ಕೆಲಸ. ಉಳಿದದ್ದನ್ನು ಮನುಷ್ಯನೇ ಕೇಳಲಿ. ಯಾವ ಗುಂಡಿಯನ್ನೂ ಒತ್ತದೆ ಸುಮ್ಮನಿರುವವರನ್ನು ಕಡಿದು ಹಾಕುವ ಬದಲು ಅಂಗಡಿಗೇ ದಾಟಿಸಬೇಕು. ವಯಸ್ಸಾದವರು, ಕಣ್ಣು ಮಂಜಾದವರು, ಫೋನನ್ನು ಕಿವಿಯಿಂದ ತೆಗೆದು ಗುಂಡಿ ಹುಡುಕುವಷ್ಟರಲ್ಲಿ ಧ್ವನಿ ಮುಂದಕ್ಕೆ ಓಡಿಹೋಗಿರುತ್ತದೆ. ಇವರೂ ದುಡ್ಡು ಕೊಡುವ ಗಿರಾಕಿಗಳೇ ಅಲ್ಲವೇ? ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ ಮೆನುವಿನ ಕೊನೆಯವರೆಗೆ ಎಳೆದೊಯ್ದು ‘ಕಚೇರಿ ಸಮಯ ಮುಗಿದಿದೆ’ ಎನ್ನುವುದಂತೂ ಅವಮಾನವೇ ಸರಿ. ಅದನ್ನು ಮೊದಲ ವಾಕ್ಯದಲ್ಲಿಯೇ ಹೇಳಬೇಕು.

ಇನ್ನು ಭಾಷೆಯ ಮಾತು. ಇಂಗ್ಲಿಷ್ ಮತ್ತು ಹಿಂದಿಯ ಸೂಚನೆಗಳೆಲ್ಲ ಮುಗಿದ ಬಳಿಕ ಕನ್ನಡದ ಸರದಿ ಬರುವ ಮೆನುಗಳು ಇಂದಿಗೂ ಇವೆ. ಶಿವಮೊಗ್ಗದ ಗಿರಾಕಿಗೆ ಮೊದಲು ಕೇಳಿಸಬೇಕಾದದ್ದು ಕನ್ನಡ. ಕಾರ್ಖಾನೆಗಳ ನೆಪದಲ್ಲಿ ನಾನಾ ಕಡೆಯ ಜನ ನೆಲೆಸಿದ ಭದ್ರಾವತಿಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವವರೂ ಸಾಕಷ್ಟಿದ್ದಾರೆ. ಅವರಿಗಾಗಿ ಕೊನೆಯಲ್ಲಿ ಒಂದು ಆಯ್ಕೆ ಇರಲಿ. ಆದರೆ ಭಾಷೆ ಆರಿಸುವುದೇ ಅರ್ಧ ನಿಮಿಷದ ಕೆಲಸವಾಗಬಾರದು.

ಕನ್ನಡವೂ ಕನ್ನಡದಂತಿರಬೇಕು. ‘ಒಂದನ್ನು ಒತ್ತಿರಿ ದುರಸ್ತಿ ಸೇವೆಗಳಿಗಾಗಿ’ ಎಂಬುದು ಕನ್ನಡದ ಅಕ್ಷರದಲ್ಲಿರುವ ಪರಭಾಷೆ. ಕೇಳುವವನಿಗೆ ಅಂಕಿ ಮೊದಲು ಬಂದು, ಅದು ಏತಕ್ಕೆಂದು ತಿಳಿಯುವಷ್ಟರಲ್ಲಿ ಅಂಕಿಯೇ ಮರೆತಿರುತ್ತದೆ. ‘ಪಂಪು ರಿಪೇರಿಗೆ ಒಂದು ಒತ್ತಿ’ ಎಂದರೆ ಕೆಲಸ ಮೊದಲು ಕಿವಿಗೆ ಬಿದ್ದು, ಅಂಕಿ ಕೊನೆಗೆ ಬಂದು ಬೆರಳಿಗೆ ಸಿಗುತ್ತದೆ. 1965ರಿಂದ ಮಲೆನಾಡಿನ ಮನೆಮನೆಗಳಿಗೆ ತಿಳಿಗನ್ನಡ ಕೇಳಿಸುತ್ತ ಬಂದಿರುವ ಆಕಾಶವಾಣಿ ಕೇಂದ್ರ ಇರುವುದು ಭದ್ರಾವತಿಯಲ್ಲಿ. ಆ ಊರಿನ ಜಾಹೀರಾತಿಗೆ ಯಂತ್ರಾನುವಾದದ ಕನ್ನಡ ಬೇಕಿಲ್ಲ.

ಕಾನೂನಿನ ಗೆರೆ

ಗ್ರಾಹಕ ತಾನಾಗಿ ಮಾಡಿದ ಕರೆಗೆ ಮೆನು ಉತ್ತರಿಸುವುದು ಒಂದು, ಅದೇ ಮೆನು ಗ್ರಾಹಕನ ಬೆನ್ನು ಹತ್ತುವುದು ಇನ್ನೊಂದು. ಎರಡನೆಯದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಕಟ್ಟುಪಾಡುಗಳಿವೆ. 2018ರ ನಿಯಮಾವಳಿಗೆ 2025ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿ ಇವನ್ನು ಬಿಗಿಗೊಳಿಸಿದೆ. ಪ್ರಚಾರದ ಕರೆಗಳಿಗೆ 140ರಿಂದ ಆರಂಭವಾಗುವ ಸರಣಿ, ಸೇವೆ ಮತ್ತು ವಹಿವಾಟಿನ ಕರೆಗಳಿಗೆ 1600 ಸರಣಿ ಮೀಸಲು. ಸಾಮಾನ್ಯ ಹತ್ತಂಕಿಯ ಮೊಬೈಲ್‌ನಿಂದ ಪ್ರಚಾರದ ಕರೆ ಮಾಡುವಂತಿಲ್ಲ. ನೋಂದಾಯಿಸದ ಕರೆಗಾರನ ಮೇಲೆ 10 ದಿನಗಳಲ್ಲಿ ಐದು ದೂರು ಬಂದರೆ ಕ್ರಮಕ್ಕೆ ಅವಕಾಶವಿದೆ. ಮೊದಲ ಉಲ್ಲಂಘನೆಗೆ 15 ದಿನ ಹೊರಹೋಗುವ ಕರೆ ಬಂದ್, ಮರುಕಳಿಸಿದರೆ ಒಂದು ವರ್ಷ ಸಂಪರ್ಕವೇ ಕಡಿತ. ಒಂದೇ ಮೊಬೈಲ್ ನೆಚ್ಚಿ ವ್ಯಾಪಾರ ಮಾಡುವವನಿಗೆ ಒಂದು ವರ್ಷ ಫೋನ್ ಇಲ್ಲದಿರುವುದೆಂದರೆ ಅಂಗಡಿಗೆ ಬೀಗ ಬಿದ್ದಂತೆಯೇ. ಮಧ್ಯವರ್ತಿ ‘ಕರೆ ತರಿಸಿಕೊಡುತ್ತೇನೆ’ ಎನ್ನುವಾಗ ಹೇಗೆ ತರಿಸುತ್ತೀರಿ ಎಂದು ಕೇಳುವುದು ಈ ಕಾರಣಕ್ಕೂ ಅಗತ್ಯ.

ಕರೆ ಮಾಡಿದವರ ಸಂಖ್ಯೆ, ಧ್ವನಿ ಮುದ್ರಣಗಳೂ ಈಗ ಕಾನೂನಿನ ವ್ಯಾಪ್ತಿಗೆ ಬರುವ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರಲಿವೆ. ಮಾಹಿತಿ ಏತಕ್ಕೆ ಪಡೆಯುತ್ತಿದ್ದೇವೆ ಎಂಬ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಪಡೆಯುವ ಆಯ್ಕೆಯನ್ನು ಕಾಯ್ದೆ ಜನರಿಗೆ ನೀಡುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ನಡುವೆ ಕರೆ ಕಡಿದವರಿಗೆ ಒಮ್ಮೆ ಮರಳಿ ಕರೆ ಮಾಡಿ ವಿಚಾರಿಸುವುದು ಸೌಜನ್ಯ. ಅವರ ಸಂಖ್ಯೆಯನ್ನು ಇನ್ನೊಬ್ಬ ವ್ಯಾಪಾರಿಗೆ ಮಾರುವುದು ದ್ರೋಹ.

‘ಒಂಬತ್ತನ್ನು ಒತ್ತಿ’ ಎಂಬ ಭಯ

ಈ ಎಲ್ಲ ಲೆಕ್ಕಾಚಾರಗಳಿಗಿಂತ ದೊಡ್ಡ ಅಡ್ಡಿಯೊಂದು ಈಚಿನ ವರ್ಷಗಳಲ್ಲಿ ಎದ್ದಿದೆ. ‘ನಿಮ್ಮ ಮೊಬೈಲ್ ಸಂಪರ್ಕ ಕಡಿತವಾಗಲಿದೆ, ಒಂಬತ್ತನ್ನು ಒತ್ತಿ’, ‘ನಿಮ್ಮ ಪಾರ್ಸೆಲ್‌ನಲ್ಲಿ ನಿಷೇಧಿತ ವಸ್ತು ಸಿಕ್ಕಿದೆ, ಒಂದನ್ನು ಒತ್ತಿ’ ಎಂದು ಆರಂಭವಾಗುವ ಕರೆಗಳು ‘ಡಿಜಿಟಲ್ ಅರೆಸ್ಟ್’ ವಂಚನೆಯ ಹೆಬ್ಬಾಗಿಲಾಗಿವೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ತಮ್ಮ ರೇಡಿಯೋ ಭಾಷಣದಲ್ಲಿ ಈ ವಂಚನೆಯ ಬಗ್ಗೆ ದೇಶವನ್ನು ಎಚ್ಚರಿಸಬೇಕಾಯಿತು. ಸಂಪರ್ಕ ಕಡಿತದ ಬಗ್ಗೆ ತಾನು ಯಾರಿಗೂ ಕರೆ ಮಾಡುವುದಿಲ್ಲವೆಂದು ಟ್ರಾಯ್ ಸ್ಪಷ್ಟನೆ ನೀಡಿದೆ. ಹಣ ಕಳೆದುಕೊಂಡವರು ಕೂಡಲೇ 1930ಕ್ಕೆ ದೂರು ನೀಡಬೇಕೆಂಬ ಪ್ರಚಾರವೂ ನಡೆದಿದೆ.

ಇದರ ಪರಿಣಾಮ ಪ್ರಾಮಾಣಿಕ ವ್ಯಾಪಾರಿಯ ಮೇಲೂ ಆಗುತ್ತದೆ. ಮುದ್ರಿತ ಧ್ವನಿ ಕೇಳಿದೊಡನೆ ಫೋನ್ ಇಡಿ ಎಂದು ಮಕ್ಕಳು ಹೆತ್ತವರಿಗೆ ಹೇಳಿಕೊಡುತ್ತಿರುವ ಕಾಲವಿದು. ಹಾಗೆ ಹೇಳಿಕೊಡುವುದು ಸರಿಯೂ ಹೌದು. ಆದ್ದರಿಂದ ಮೆನುವಿನ ಮೊದಲ ಮಾತು ಅಂಗಡಿಯ ಹೆಸರು ಮತ್ತು ಊರು ಆಗಿರಬೇಕು. ಯಾರೊಡನೆ ಮಾತನಾಡುತ್ತಿದ್ದೇನೆಂದು ತಿಳಿಯದವನು ಏಕೆ ಗುಂಡಿ ಒತ್ತಬೇಕು? ಆಧಾರ್, ಬ್ಯಾಂಕ್ ಖಾತೆ, ಒಟಿಪಿಗಳನ್ನು ಪಂಪು ರಿಪೇರಿಯ ಮೆನು ಎಂದಿಗೂ ಕೇಳಬಾರದು. ಕೇಳಿದರೆ ಅದು ಪಂಪು ರಿಪೇರಿಯ ಮೆನು ಅಲ್ಲ ಎಂದೇ ತಿಳಿಯಬೇಕು.

ಒಟ್ಟಿನಲ್ಲಿ ಧ್ವನಿ ಮೆನು ಕರೆ ಜಾಹೀರಾತಿನ ಫಲಿತಾಂಶವನ್ನು ಸುಧಾರಿಸಬಲ್ಲದು ಎಂಬುದರಲ್ಲಿ ಅನುಮಾನವಿಲ್ಲ. ಸುಧಾರಣೆ ಯಾರ ಪಾಲಿಗೆ ಎಂಬುದನ್ನು ಮಾತ್ರ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವ್ಯಾಪಾರಿಯೇ ನಿರ್ಧರಿಸಿಕೊಳ್ಳಬೇಕು. ಗಡಿಯಾರ ಎಲ್ಲಿಂದ ಓಡುತ್ತದೆ, ಬಿಟ್ಟುಹೋದ ಕರೆಗಳ ಪಟ್ಟಿ ಸಿಗುತ್ತದೆಯೇ, ಮೆನುವಿನ ಮಾತನ್ನು ಬದಲಿಸುವ ಅಧಿಕಾರ ಯಾರಿಗಿದೆ? ಈ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿಗದಿದ್ದರೆ ಸಹಿ ಹಾಕದಿರುವುದೇ ಲೇಸು. ಅದಕ್ಕೂ ಮೊದಲು ಮಾಡಬೇಕಾದ ಖರ್ಚಿಲ್ಲದ ಪರೀಕ್ಷೆಯೊಂದಿದೆ. ತನ್ನ ಜಾಹೀರಾತಿನ ಸಂಖ್ಯೆಗೆ ಮನೆಯ ಹಿರಿಯರೊಬ್ಬರಿಂದ ಕರೆ ಮಾಡಿಸಿ, ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡುವುದು. ಅವರು ಅಂಗಡಿಯವರೆಗೆ ತಲುಪಿದರೆ ಮೆನು ಸರಿಯಿದೆ. ನಡುವೆ ಫೋನ್ ಕೆಳಗಿಟ್ಟರೆ, ಗಿರಾಕಿ ಕೂಡ ಅಲ್ಲಿಯೇ ಇಟ್ಟಿದ್ದಾನೆ ಎಂದು ತಿಳಿಯಬೇಕು.